ಅಮ್ಮನ ಇಸ್ತ್ರಿ ಕೆಲಸದ ಪ್ರಬಂಧ

ಮುಖ್ಯೋಪಾಧ್ಯಾಯರಿಗೆ ನಮಸ್ಕಾರ.

ಒಂಬತ್ತನೇ ತರಗತಿಯ 'ನನ್ನ ತಾಯಿ' ಪ್ರಬಂಧದಲ್ಲಿ ನಾನು ಅಮ್ಮನ ಇಸ್ತ್ರಿ ಕೆಲಸದ ಬಗ್ಗೆ ಬರೆದಿದ್ದೆ. "ಇದೆಲ್ಲ ಯಾರಿಗೆ ಬೇಕಮ್ಮ? ಗೈಡಲ್ಲಿರೋದನ್ನ ಬರಿ" ಎಂದು ತಾವು ಪುಟದ ತುಂಬ ಕೆಂಪು ಗೀಟು ಎಳೆದಿರಿ. ಅಂದಿನಿಂದ ಗೈಡನ್ನೇ ಉರು ಹೊಡೆದೆ.

ಈ ಸಲದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ 'ನೀವು ಹತ್ತಿರದಿಂದ ಕಂಡ ದುಡಿಮೆ' ಎಂಬ ವಿಷಯ ಬಂತು. ಅದು ಯಾವ ಗೈಡಿನಲ್ಲೂ ಇರಲಿಲ್ಲ. ಪ್ರಶ್ನೆಯನ್ನು ಎರಡು ಸಲ ಓದಿದೆ. ಆಮೇಲೆ, ಅಮ್ಮ ಕಾಲರನ್ನು ತುದಿಯಿಂದ ಒಳಕ್ಕೆ ಉಜ್ಜುವ ಬಗೆಯನ್ನು ಬರೆಯತೊಡಗಿದೆ. ಗಂಟೆ ಹೊಡೆಯುವವರೆಗೂ ಕೈ ನಿಲ್ಲಲಿಲ್ಲ. ಪ್ರಬಂಧದಲ್ಲಿ ನಾನೇ ಮೊದಲ ಸ್ಥಾನ ಪಡೆದಿದ್ದೇನೆ, ಸೀಟೂ ಸಿಕ್ಕಿದೆ.

"ನನ್ನ ಕೆಲಸಾನ ಅಷ್ಟು ದೊಡ್ಡೋರು ಓದಿದ್ರಾ?" ಎಂದು ಅಮ್ಮ ಮೂರು ಸಲ ಕೇಳಿದರು.

ನನ್ನ ಟಿ.ಸಿ. ಪಡೆಯಲು ಸೋಮವಾರ ಅವರೇ ಬರುತ್ತಾರೆ. ದಯವಿಟ್ಟು ಕೂರಲು ಕುರ್ಚಿ ಕೊಡಿ.

ತಮ್ಮ ವಿದ್ಯಾರ್ಥಿನಿ,
ಇಸ್ತ್ರಿ ಅಂಗಡಿಯವರ ಮಗಳು