ತುಟಿಯ ಸುತ್ತಲಿನ ನೀಲಿ

ಪ್ರೀತಿಯ ಅತ್ತೆಗೆ,

"ಹುಟ್ಟಿ ಬಂದವರೆಲ್ಲ ಯಾರೋ ತಳ್ಳಿದ್ದಕ್ಕೆ ಬಂದವರು." ಎಲ್ಲೋ ಓದಿದ ಸಾಲು, ಮುಂದಿನದು ಮರೆತಿದೆ. ಸಾಲು ಚೆನ್ನಾಗಿದೆ, ನಿಜವೇ ಎಂಬುದಷ್ಟೇ ಅನುಮಾನ. ಚೆನ್ನಾಗಿದ್ದುದನ್ನು ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ನೀವಿದ್ದಾಗ ಅದನ್ನು ಹೇಳಲಿಲ್ಲ. ನೀವು ತೀರಿಹೋಗಿ ನಾಳೆಗೆ ನಲವತ್ತೊಂಬತ್ತು ದಿನ, ನಿಮ್ಮನ್ನು ಮುಂದಿನ ಲೋಕಕ್ಕೆ ಬೀಳ್ಕೊಡುವ ಪೂಜೆ.

ಗರಮ್ ಹುಟ್ಟಿದ ಮೂರನೆಯ ದಿನ ಅವಳನ್ನು ತೊಂಗ್ಯೊಂಗ್‌ನ ಮನೆಗೆ ಕರೆತಂದೆವು. ನೀವು ಹುಲ್ಲಿನ ಹಗ್ಗ ಹೊಸೆದು, ಇದ್ದಿಲು, ಪೈನ್ ಸೊಪ್ಪು ಸಿಕ್ಕಿಸಿ, ಐದನೆಯ ಮಹಡಿಯ ನಮ್ಮ ಬಾಗಿಲಿಗೆ ಕಟ್ಟಿದಿರಿ. ಇಪ್ಪತ್ತೊಂದು ದಿನ ಹೊರಗಿನವರು ಒಳಗೆ ಬರುವಂತಿಲ್ಲ, ಕೂಸು ಹೊಸ್ತಿಲು ದಾಟುವಂತಿಲ್ಲ. ಸಿಂಪಿಯ ಚಿಪ್ಪು ಬಿಡಿಸುವ ಕೆಲಸದಿಂದ ಮರಳಿದ ಎದುರುಮನೆಯ ಗ್ಯೂಹೊನ್ ತಾಯಿ ಹೊರಗಿನಿಂದಲೇ ಕೂಗಿದಳು: "ಅಕ್ಕಾ, ಲಿಫ್ಟಿಗೂ ಒಂದು ಕಟ್ಟಿಬಿಡಿ. ಈಗಿನ ಪೀಡೆಗಳು ಮೆಟ್ಟಿಲು ಹತ್ತಲ್ಲ!"

"ಪೀಡೆ ನೀನೇ ಬಂದಿದ್ದೀಯಲ್ಲ, ಹೋಗೇ," ಎಂದಿರಿ.

ಸ್ನಾನ ಮಾಡಿಸುವಾಗ ಕೂಸಿನ ಕುಂಡೆಯ ಮೇಲಿನ ನೀಲಿ ಮಚ್ಚೆ ತೋರಿಸಿ ನಕ್ಕಿರಿ. "ನೋಡು ಮಗೂ, ಸಂಸಿನ್ ಅಜ್ಜಿ ಕೊಟ್ಟ ಏಟು. ಸಾಕು ಮಲಗಿದ್ದು, ಹೊರಗೆ ನಡಿಯೇ ಸೋಮಾರಿ ಅಂತ." ಹೆರಿಗೆ ಕಾಯುವ ದೇವತೆ ಆ ಅಜ್ಜಿ, ಅವಳ ಏಟು ತಿನ್ನದೆ ಬಂದ ಕೂಸು ನಮ್ಮಲ್ಲಿ ಅಪರೂಪ.

ಒಂಬತ್ತನೆಯ ದಿನ, ಹಾಲು ಕುಡಿಯುವಾಗ, ಅವಳ ತುಟಿಯ ಸುತ್ತ ಅದೇ ಬಣ್ಣ ಕಂಡೆ. ನೀವು ನನಗೆಂದು ಕಡಲಪಾಚಿಯ ಸಾರು ಕಾಯಿಸುತ್ತಿದ್ದಿರಿ. ನಾನು ಕರೆಯಲಿಲ್ಲ. ಅಜ್ಜಿಯ ಕೈ ತುಟಿಗೂ ತಗುಲಿರಬೇಕು ಎಂದುಕೊಂಡೆ. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದ ನನಗೆ ಆ ಕಲ್ಪನೆ ಎಷ್ಟು ಹಿಡಿಸಿತೆಂದರೆ, ತಾರೀಖು ಹಾಕಿ ನೋಟ್‌ಪುಸ್ತಕದಲ್ಲಿ ಬರೆದಿಟ್ಟೆ. ಆ ಪುಸ್ತಕ ನೀವು ದಿನಾ ಮಡಿಸಿಡುತ್ತಿದ್ದ ಕೂಸಿನ ಬಟ್ಟೆಗಳ ಪಕ್ಕದಲ್ಲೇ ಬಿದ್ದಿರುತ್ತಿತ್ತು. ಏಳು ದಿನ ನೋಡಿದೆ. ಏಳು ದಿನವೂ ಯಾರಿಗೂ ಹೇಳಲಿಲ್ಲ.

ಹದಿನಾರನೆಯ ದಿನ ಅತ್ತು ಅತ್ತು ಅವಳು ಉಗುರಿನವರೆಗೆ ಕಪ್ಪಿಟ್ಟಳು. ನೀವು ಒಮ್ಮೆ ನೋಡಿದಿರಿ. ಅಡುಗೆಮನೆಯ ಕತ್ತರಿಯಿಂದ ಹಗ್ಗ ಕತ್ತರಿಸಿ, ಕೂಸನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಇಳಿದಿರಿ.

ಬುಸಾನ್‌ನ ವೈದ್ಯರು ಕಾಗದದ ಮೇಲೆ ಹೃದಯ ಬರೆದು ತೋರಿಸಿದರು. ಕೆಳಗಿನ ಎರಡು ಕೋಣೆಗಳ ನಡುವೆ ತೂತು. ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಹಾಗಾಗಿ ಕೆಟ್ಟ ರಕ್ತ ಶುದ್ಧವಾಗದೆ ಮೈಗೆ ಹರಿಯುತ್ತಿದೆ. ನೂರು ಕೂಸುಗಳಲ್ಲಿ ಒಂದರ ಹೃದಯದಲ್ಲಿ ಏನಾದರೊಂದು ಐಬಿರುತ್ತದೆ, ಸಣ್ಣ ತೂತುಗಳು ಎಷ್ಟೋ ಸಲ ತಾವೇ ಮುಚ್ಚಿಕೊಳ್ಳುತ್ತವೆ, ಇದು ಹಾಗಲ್ಲ ಎಂದರು. ಮೊದಲು ರಕ್ತಕ್ಕೆ ಬಳಸುದಾರಿಯಾಗಿ ಸಣ್ಣದೊಂದು ಕೊಳವೆ ಹಾಕಿದರು. ಹತ್ತು ತಿಂಗಳಿಗೆ ಎದೆ ತೆರೆದು ತೂತಿಗೆ ತೇಪೆ ಹಚ್ಚಿದರು, ದಾರಿ ಅಗಲ ಮಾಡಿದರು.

"ತುಟಿ ಯಾವಾಗಿನಿಂದ ನೀಲಿ?" ಎಂದು ಅವರು ಕೇಳಿದಾಗ "ಇವತ್ತಿನಿಂದ" ಎಂದವಳು ನಾನು.

ನಿಮ್ಮ ಹಗ್ಗದ ಹಟದಿಂದ ಕೂಸು ಸಾಯುತ್ತಿತ್ತು ಎಂದು ಎಲ್ಲರೂ ಆಡಿಕೊಂಡರು. ನಿಮ್ಮ ಮಗನೂ ಅಂದ. ನಾನು ಅಲ್ಲವೆನ್ನಲಿಲ್ಲ. ಗರಮ್‌ಗೆ ಈಗ ಇಪ್ಪತ್ತಮೂರು. ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗುತ್ತಾಳೆ, ಉಳಿದ ದಿನ ಈಜುತ್ತಾಳೆ. ನಿಮ್ಮ ಮೇಲಿನ ಆ ಮಾತನ್ನು ಅವಳೂ ನಂಬಿದ್ದಾಳೆ. ನಾಳೆಯ ಪೂಜೆ ಮುಗಿದ ಮೇಲೆ ಅವಳಿಗೆ ನಿಜ ಹೇಳುತ್ತೇನೆ. ನೀವು ಹೋಗುವ ದಾರಿಯಲ್ಲಿ ಯಾರೂ ನಿಮ್ಮನ್ನು ತಡೆಯದಿರಲಿ.

ನಿಮ್ಮ ಸೊಸೆ,
ಹ್ವಾಜೊಂಗ್

ಕಾಗದ ಮಡಿಸುವಾಗ ಗ್ಯೂಹೊನ್ ತಾಯಿ ನಾಳೆಗೆಂದು ಹಣ್ಣು ತಂದು ಬಾಗಿಲಲ್ಲೇ ನಿಂತಳು. ಅವಳ ಮಾತನ್ನೂ ಇಲ್ಲಿ ಬರೆದಿಡುತ್ತೇನೆ:

"ನಿಮ್ಮತ್ತೆ, ಅಕ್ಕ, ನನ್ನ ಹತ್ರ ಎಷ್ಟು ಸಲ ಹೇಳ್ಕೊಂಡು ಅತ್ತಿದ್ದಾರೋ! 'ಒಂಬತ್ತನೇ ದಿನಾನೇ ಸೊಸೆ ಮಗು ತುಟಿ ತೋರಿಸಿದ್ಲು ಕಣೇ, ದಡ್ಡಿ ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ' ಅಂತ. ಆದ್ರೂ ನೀನು ಒಂದಿನ ಅವರನ್ನ ಬೈದವಳಲ್ಲ, ಗರಮ್ ಅಮ್ಮ. ಅಂಥ ಸೊಸೆ ಯಾರಿಗೆ ಸಿಗ್ತಾಳೆ ಹೇಳು?"