ತುರ್ಕಿ ನಿಲುವಂಗಿಯ ಸೊಂಟ

ಪ್ಯಾರಿಸ್
ಮಾರ್ಚ್ ೯, ೧೭೫೬

ಮುದ್ದಿನ ಮಗಳು ಜಾವೋತ್‌ಗೆ,

ಹೇಗಿದ್ದೀಯೆ ಕಣೇ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯಾ? ವರ್ಸೇಲ್ಸ್‌ನಲ್ಲಿ ಕೆಲಸದವರ ಕೋಣೆಗಳು ಬಲು ಥಂಡಿಯಂತೆ. ಉಣ್ಣೆಯ ಕಾಲುಚೀಲ ಬಿಚ್ಚಬೇಡ. ನಿನ್ನಪ್ಪನ ಕೆಮ್ಮು ಇಳಿದಿದೆ, ಗೊಣಗಾಟ ಇಳಿದಿಲ್ಲ.

ಚಿತ್ರ ಬರೆಸಿಕೊಳ್ಳಲೆಂದು ನಿನ್ನ ಯಜಮಾನಿ ನನ್ನಿಂದ ಹೊಲಿಸಿಕೊಂಡ ತುರ್ಕಿ ನಿಲುವಂಗಿಯ ವಿಷಯ ಕೇಳಬೇಕಿತ್ತು. ಅರಮನೆಯ ಹೆಂಗಸರಿಗೆಲ್ಲ ಈಗ ಸುಲ್ತಾನನ ರಾಣಿಯರಾಗುವ ಹುಚ್ಚು. ಬಿಗಿಕುಪ್ಪಸ ಕಳಚಿ ಆರಾಮಾಗಿ ಉಸಿರಾಡಲು ಇದೊಂದು ನೆಪ ಎಂದು ನಾನು ನಕ್ಕಿದ್ದೆ. ಆದರೆ ಎರಡು ತಿಂಗಳಲ್ಲಿ ಎರಡು ಸಲ ನೀನು ಅದನ್ನು ವಾಪಸು ಕಳಿಸಿದೆ. "ಅಮ್ಮಾವ್ರು ಸ್ವಲ್ಪ ದಪ್ಪಗಾಗಿದ್ದಾರಮ್ಮಾ, ಸೊಂಟ ಬಿಡಿಸಿಕೊಡು" ಎಂಬ ಚೀಟಿ ಬೇರೆ. ಮೊದಲು ಎರಡು ಬೆರಳು, ಆಮೇಲೆ ನಾಲ್ಕು. ಅಷ್ಟು ಬೇಗ ಯಾರು ಉಬ್ಬುತ್ತಾರೆ ಎಂದು ಆಗಿನಿಂದಲೇ ಮನಸ್ಸು ಕೊರೆಯುತ್ತಿತ್ತು.

ನಿನ್ನೆ ಗುಂಡಿ ಸರಿಮಾಡುವ ನೆಪ ಹೇಳಿಕೊಂಡು ಚಿತ್ರಕಾರ ವರ್ಮೋ ಅವರ ಮನೆಗೆ ಹೋದೆ. ಮುಖ ಬರೆಸಿಕೊಳ್ಳಲು ನಿನ್ನ ಯಜಮಾನಿಯೂ ಬಂದಿದ್ದರು. ಕಡ್ಡಿಯಂತಿದ್ದಾರೆ! ಅವರು ಹೊರಟ ಮೇಲೆ, "ಈ ಅಂಗಿ ಅವ್ರ ಮೈಮೇಲೆ ಜೋತಾಡಲ್ವಾ ಸ್ವಾಮಿ?" ಅಂದೆ. ವರ್ಮೋ ಕುಂಚ ಒರೆಸುತ್ತ, "ಅವ್ರೆಲ್ಲಿ ಹಾಕ್ಕೋತಾರಮ್ಮ? ಗಂಟೆಗಟ್ಲೆ ಕೂರೋ ತಾಳ್ಮೆ ಅವ್ರಿಗಿಲ್ಲ. ಮುಖ ಮಾತ್ರ ಅವ್ರದು, ಮೈಯೆಲ್ಲ ಅವ್ರ ಕೆಲಸದ ಹುಡುಗೀದು" ಅಂದರು. ಆ ಹುಡುಗಿಯ ತಾಯಿ ನಾನೇ ಎಂದು ಅವರಿಗೆ ಗೊತ್ತಿಲ್ಲ.

ಚಿತ್ರದತ್ತ ತಿರುಗಿದೆ. ನಾನು ಹೊಲಿದ ನೀಲಿ ರೇಷ್ಮೆ. ನಡುಪಟ್ಟಿಯನ್ನು ಎದೆಯ ಕೆಳಗೇ ಕಟ್ಟಿದ್ದೀಯೆ. ಒಂದು ಕೈಯಲ್ಲಿ ಕಾಫಿ ಬಟ್ಟಲು, ಇನ್ನೊಂದು ಹೊಟ್ಟೆಯ ಮೇಲೆ. ಹಾಗೆ ಕೈಯಿಡುವುದು ಯಾವಾಗ ಎಂದು ಮೂರು ಹೆತ್ತವಳಿಗೆ ಯಾರೂ ಹೇಳಿಕೊಡಬೇಕಿಲ್ಲ ಪುಟ್ಟಿ. ಮೊದಲು ವರ್ಮೋ ಮೇಲೇ ಅನುಮಾನ ಬಂತು. ಪಾಪ, ಎಪ್ಪತ್ತು ದಾಟಿದ ಮುದುಕ. ಆಮೇಲೆ ಕುದುರೆ ಲಾಯದ ಆ ಲೂಬೆನ್ ನೆನಪಾದ. ಬೇಸಿಗೆಯ ಪತ್ರಗಳ ತುಂಬ ಅವನೇ ಇದ್ದ. ಕ್ರಿಸ್‌ಮಸ್ ಆದಮೇಲೆ ನೀನು ಅವನ ಹೆಸರನ್ನೇ ಎತ್ತಿಲ್ಲ.

ನನ್ನ ಊಹೆ ಸುಳ್ಳಾದರೆ ನನ್ನಷ್ಟು ಸಂತೋಷಪಡುವವರು ಯಾರೂ ಇಲ್ಲ. ದೇವಮಾತೆ ನಿನ್ನನ್ನು ಕಾಯಲಿ. ತಂಗಿಯರು ಮುತ್ತು ಕಳಿಸಿದ್ದಾರೆ.

ನಿನ್ನ ಅಮ್ಮ,
ಪೆರೀನ್

ಮರೆತಿದ್ದೆ: ಗುರುವಾರ ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಹಿಂಬಾಗಿಲ ಹತ್ತಿರ ನಿಂತಿರು. ನಿನ್ನಪ್ಪ ಗಾಡಿ ಹೂಡಿಕೊಂಡು ಬರುತ್ತಾರೆ. ಅವರಿಗೆ ಎಲ್ಲವನ್ನೂ ಹೇಳಿದೆ. ಎದ್ದು ಹೋಗಿ ಗಾಡಿಯ ಗಾಲಿಗಳಿಗೆ ಎಣ್ಣೆ ಹಾಕಿ ಬಂದರು. ಆಮೇಲೆ, "ದಾರಿ ತುಂಬಾ ಕುಲುಕುತ್ತೆ, ಎರಡು ದಿಂಬು ಕೊಡೇ" ಅಂದರು.