ವಿನಾರ್ಸಿಯ ಅಂಗಡಿಯಲ್ಲಿ ನಮ್ಮ ಕಲ್ಲು

ಮುಂಟಿಲಾನ್, ಆಗಸ್ಟ್ ೧೪, ಗುರುವಾರ

ಇವತ್ತೂ ಕೊರಿಯರ್‌ನವನ ಬೈಕು ನಮ್ಮ ಬಾಗಿಲು ದಾಟಿ ಪಕ್ಕದ ವಿನಾರ್ಸಿಯ ಮನೆ ಮುಂದೆಯೇ ನಿಂತಿತು. ಉಜ್ಜುತ್ತಿದ್ದ ಕಲ್ಲನ್ನು ಇನ್ನಷ್ಟು ಜೋರಾಗಿ ಉಜ್ಜಿದೆ.

ಅವಳು ಮಾರುವುದು ಹಗುರವಾದ ತಲೆವಸ್ತ್ರ. ಉಚಿತ ಸಾಗಣೆಗೆಂದು ಮಾರಾಟದ ಆ್ಯಪ್‌ನವರು ಕೇಳುವ ಹೆಚ್ಚಿನ ಕಮಿಷನ್ ಕೊಟ್ಟರೂ ಅವಳಿಗೆ ಗಿಟ್ಟುತ್ತದೆ. ನಮ್ಮದು ಸಂಬಾಲ್, ಅಂದರೆ ಮೆಣಸಿನಕಾಯಿ ಚಟ್ನಿ, ಅರೆಯುವ ಭಾರದ ಕಲ್ಲು. ಕಮಿಷನ್ ಕೊಟ್ಟರೆ ಕಲ್ಲು ಕೆತ್ತುವ ಗಂಡನ ಕೂಲಿಯೂ ಹುಟ್ಟುವುದಿಲ್ಲ. ಕೊಡದಿದ್ದರೆ ಕಲ್ಲಿಗಿಂತ ಸಾಗಣೆಯೇ ದುಬಾರಿಯಾಗಿ ಯಾರೂ ಕೊಳ್ಳುವುದಿಲ್ಲ. ಹೋದ ತಿಂಗಳು ಆ್ಯಪ್‌ನಲ್ಲಿದ್ದ ನಮ್ಮ ಅಂಗಡಿ ಮುಚ್ಚಿದೆವು. ಈಗ ನಮ್ಮ ಕಲ್ಲುಗಳನ್ನು ಅವಳೇ ಆ್ಯಪ್‌ನ ತನ್ನ ಅಂಗಡಿಯಲ್ಲಿಟ್ಟು, ಕಮಿಷನ್ನನ್ನು ತಲೆವಸ್ತ್ರದ ಲಾಭದಲ್ಲಿ ಸರಿದೂಗಿಸಿ ಮಾರುತ್ತಾಳೆ.

ಸಂಜೆ ಫೋನ್ ಹಿಡಿದು ಓಡಿ ಬಂದಳು. "ಅಕ್ಕಾ, ಕೇಳಿ ಇಲ್ಲಿ! 'ವಿನಾರ್ಸಿಯವರೇ, ಎಂಥಾ ನುಣುಪು ಕಲ್ಲು! ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕು' ಅಂತ ಕಲ್ಲು ಕೊಂಡವರು ಬರೆದಿದಾರೆ. ಹೊಗಳಿರೋದು ನಿಮ್ಮನ್ನೇ ಬಿಡಿ!"

"ಹೆಸರು ನಿಂದಿದೆಯಲ್ಲೇ?"

"ಅಯ್ಯೋ, ಅಂಗಡಿ ನಂದಲ್ವಾ!" ಎಂದು ನಕ್ಕಳು. ನಗುವಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ನುಣುಪು ನಾನು ಮಣಿಕಟ್ಟು ನೋಯುವವರೆಗೆ ಉಜ್ಜಿ ತಂದದ್ದು. ಬಳೆ ಅವಳ ಕೈಗೆ!

ಊಟಕ್ಕೆ ಕೂತಾಗ ಗಂಡನಿಗೆ ಹೇಳಿಯೇಬಿಟ್ಟೆ. "ರೀ, ಇನ್ಮೇಲೆ ಕಲ್ಲಿನ ತಳದಲ್ಲಿ ನಮ್ಮಿಬ್ಬರ ಹೆಸರು ಕೆತ್ತಿ."

"ತಳ ಯಾರು ನೋಡ್ತಾರೆ ಮಾರಾಯ್ತಿ?"

"ತೊಳೆಯೋರು ನೋಡ್ತಾರೆ."

ಅವನು ನಗಲಿಲ್ಲ. ಕೈ ತೊಳೆದು ಸಣ್ಣ ಉಳಿ ಹುಡುಕಿಕೊಂಡು ಹಿತ್ತಲಿಗೆ ಹೋದ. ಟಕಟಕ ಸದ್ದು ಇನ್ನೂ ಕೇಳುತ್ತಿದೆ. ನನ್ನ ಹೆಸರು ಮೊದಲು ಬರಲಿ ಎಂದು ಹೇಳುವುದು ಮರೆತೆ. ಎದ್ದು ಹೋಗಿ ನೋಡಬೇಕು.